ಕೈ ಉಳುಕಿದೆಯಾ? ಮೊದಲು ಎಣ್ಣೆ ಬಾಟಲಿ ಕೆಳಗಿಡಿ

ಮಳೆ ಹಿಡಿದು ತಿಂಗಳಾಗುವಷ್ಟರಲ್ಲಿ ನಮ್ಮ ಕೊಡಗಿನ ಅಂಗಳಗಳಿಗೆ ಪಾಚಿ ಹತ್ತಿರುತ್ತದೆ. ಬಚ್ಚಲ ಮೆಟ್ಟಿಲು, ಕೊಟ್ಟಿಗೆ ದಾರಿ, ಕಾಫಿ ಕಣ ಎಲ್ಲವೂ ಸೋಪು ಸವರಿದ ಹಾಗೆ. ಜಾರಿದವರು ಯಾರೇ ಆಗಲಿ, ಬೀಳುವಾಗ ಅಂಗೈಯನ್ನು ನೆಲಕ್ಕೆ ಊರುತ್ತಾರೆ. ಮೈಭಾರವೆಲ್ಲ ಮಣಿಕಟ್ಟಿನ ಮೇಲೆ. ಮಳೆ ಮುಗಿದರೂ ಬಿಡುವಿಲ್ಲ. ಮೆಣಸು ಕೊಯ್ಯುವಾಗ ಏಣಿ ಜಾರುತ್ತದೆ, ಬೇಸಿಗೆಯಲ್ಲಿ ಹುಡುಗರು ಹಾಕಿ ಮೈದಾನದಲ್ಲಿ ಮುಗ್ಗರಿಸುತ್ತಾರೆ.

ಬಿದ್ದ ಮೇಲಿನ ಕಥೆಯೂ ಎಲ್ಲ ಮನೆಯಲ್ಲಿ ಒಂದೇ. "ಏನಿಲ್ಲಕ್ಕಾ, ಉಳುಕು ಅಷ್ಟೇ" ಅಂತ ಒಬ್ಬರು. ಇನ್ನೊಬ್ಬರು ಎಣ್ಣೆ ಬಿಸಿಗಿಡುತ್ತಾರೆ. ಮೂರನೆಯವರು ಬೆರಳು ಹಿಡಿದು ಟಕ್ ಅಂತ ಎಳೆಯುತ್ತಾರೆ. ಇದನ್ನು ನೋಡಿ ನೋಡಿ ಸಾಕಾಗಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಉಳುಕು ಅಂದುಕೊಂಡು ಏಳೆಂಟು ವಾರ ಕೈ ಹಾಳು ಮಾಡಿಕೊಂಡವಳು.

ಒಳಗೆ ಏನಾಗಿರುತ್ತದೆ?

ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ, ಎರಡು ಸಾಲಾಗಿ. ಅವನ್ನು ಒಂದಕ್ಕೊಂದು ಬಿಗಿದಿರುವ ನಾರಿನ ಪಟ್ಟಿಗಳೇ ಲಿಗಮೆಂಟ್. ಅದು ಜಗ್ಗಿದರೆ ಅಥವಾ ಹರಿದರೆ ಉಳುಕು. ಬರೀ ಜಗ್ಗಿದ್ದರೆ ಒಂದೆರಡು ವಾರದ ಮಾತು. ಅರ್ಧಂಬರ್ಧ ಹರಿದಿದ್ದರೆ ಮೂರರಿಂದ ಆರು ವಾರ. ಪೂರ್ತಿ ಹರಿದರೆ ತಿಂಗಳುಗಟ್ಟಲೆ, ಕೆಲವರಿಗೆ ಆಪರೇಷನ್ನೂ ಬೇಕಾಗಬಹುದು. "ನರ ಸರಿದಿದೆ" ಎನ್ನುತ್ತಾರಲ್ಲ, ಎಳೆದು ಕೂರಿಸಲು ಅಲ್ಲಿ ಯಾವ ನರವೂ ಸರಿದಿರುವುದಿಲ್ಲ. ಹರಿದ ನಾರನ್ನು ಎಳೆದರೆ ಇನ್ನಷ್ಟು ಹರಿಯುತ್ತದೆ.

ಮೊದಲ ಹತ್ತು ನಿಮಿಷ

ಉಂಗುರ, ಬಳೆ, ವಾಚು ತೆಗೆಯಿರಿ. ಸೋಪುನೀರು ಹಚ್ಚಿದರೆ ಬರುತ್ತದೆ. ಊದಿದ ಮೇಲೆ ಉಂಗುರ ಕತ್ತರಿಸಲು ಅಕ್ಕಸಾಲಿಗರನ್ನು ಹುಡುಕಬೇಕಾಗುತ್ತದೆ.

ಕೈ ಸೊಟ್ಟಗಾಗಿದೆಯೇ? ಬೆರಳು ಜೋಮು ಹಿಡಿದಿದೆಯೇ, ಬೆಳ್ಳಗೋ ನೀಲಿಯೋ ಆಗಿದೆಯೇ? ಗಾಯ ತೆರೆದಿದೆಯೇ? ಬೆರಳು ಮಡಚಲು ಆಗುತ್ತಿಲ್ಲವೇ? ಇದರಲ್ಲಿ ಒಂದಿದ್ದರೂ ಈ ಲೇಖನ ಪಕ್ಕಕ್ಕಿಟ್ಟು ಜೀಪು ಹತ್ತಿ. ದಾರಿಯಲ್ಲಿ ಕೈ ಅಲ್ಲಾಡದಂತೆ ಒಂದು ದಪ್ಪ ಪತ್ರಿಕೆಯನ್ನು ಮಡಚಿ ಕೆಳಗಿಟ್ಟು ಟವೆಲಿನಿಂದ ಸುತ್ತಿದರೆ ಸಾಕು.

ನಶ್ಯದ ಕುಳಿ

ಎಲ್ಲರೂ ಎಡವುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ, ಓದುತ್ತಲೇ ನಿಮ್ಮ ಕೈಯಲ್ಲೇ ಮಾಡಿ ನೋಡಿ.

ಹೆಬ್ಬೆರಳನ್ನು ಬಸ್ಸಿಗೆ ಕೈ ತೋರಿಸುವ ಹಾಗೆ ಚೆನ್ನಾಗಿ ಹೊರಕ್ಕೆ, ಮೇಲಕ್ಕೆ ಎತ್ತಿ. ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಅಂಚಿನಲ್ಲಿ ಎರಡು ತಂತಿಗಳು ಎದ್ದು ಕಾಣುತ್ತವೆ. ಅವುಗಳ ನಡುವೆ ಒಂದು ಸಣ್ಣ ಕುಳಿ. ನಶ್ಯ ಸೇದುವವರು ಒಂದು ಚಿಟಿಕೆ ಪುಡಿಯನ್ನು ಅಲ್ಲಿಟ್ಟುಕೊಂಡು ಮೂಗಿಗೆ ಏರಿಸುತ್ತಿದ್ದರು. ಡಾಕ್ಟರುಗಳು ಈಗಲೂ ಅದನ್ನು ಸ್ನಫ್ ಬಾಕ್ಸ್ ಅಂತಲೇ ಕರೆಯುತ್ತಾರೆ. ಆ ಕುಳಿಯ ತಳದಲ್ಲಿ ಗೋಡಂಬಿ ಆಕಾರದ ಒಂದು ಮೂಳೆ ಇದೆ. ಹೆಸರು ಸ್ಕ್ಯಾಫಾಯ್ಡ್. ಅಂಗೈ ಊರಿ ಬಿದ್ದಾಗ ಮಣಿಕಟ್ಟಿನ ಆ ಎಂಟು ಮೂಳೆಗಳಲ್ಲಿ ಹೆಚ್ಚಾಗಿ ಮುರಿಯುವುದು ಇದೇ.

ಈಗ ಇನ್ನೊಂದು ಕೈಯ ತೋರುಬೆರಳಿನ ತುದಿಯಿಂದ ಕುಳಿಯನ್ನು ಒತ್ತಿ. ಮೊದಲು ಚೆನ್ನಾಗಿರುವ ಕೈಯಲ್ಲಿ ಒತ್ತಿ. ಯಾಕೆಂದರೆ ಅಲ್ಲಿ ಎಲ್ಲರಿಗೂ ಸ್ವಲ್ಪ ಇರುಸುಮುರುಸು ಆಗುತ್ತದೆ. ಆಮೇಲೆ ಬಿದ್ದ ಕೈಯಲ್ಲಿ ಅಷ್ಟೇ ಒತ್ತಿ. ಚುಚ್ಚಿದಂತೆ ನೋವಾಯಿತೇ? ಮುಂದೆ ಅಂಗೈ ಕಡೆ ತಿರುಗಿಸಿ. ಹೆಬ್ಬೆರಳ ದಪ್ಪ ಮಾಂಸ ಮಣಿಕಟ್ಟಿಗೆ ಸೇರುವಲ್ಲಿ ಒಂದು ಸಣ್ಣ ಮೂಳೆಯ ಉಬ್ಬು ಕೈಗೆ ಸಿಗುತ್ತದೆ, ಅದನ್ನೂ ಒತ್ತಿ. ಕೊನೆಗೆ ಹೆಬ್ಬೆರಳನ್ನು ನೇರವಾಗಿ ಹಿಡಿದು ಮಣಿಕಟ್ಟಿನ ಕಡೆಗೆ ಮೆಲ್ಲಗೆ ತಳ್ಳಿ. ಮೂರರಲ್ಲಿ ಎಲ್ಲಿ ನೋವಾದರೂ ಅದು ಉಳುಕಲ್ಲ ಅಂತಲೇ ನಡೆದುಕೊಳ್ಳಬೇಕು, ಮುರಿದಿಲ್ಲ ಅಂತ ಖಾತ್ರಿ ಆಗುವವರೆಗೆ.

ಈ ಮೂಳೆ ಮುರಿದರೆ ಕೈ ಸೊಟ್ಟಗಾಗುವುದು ಅಪರೂಪ. ಊತವೂ ಜಾಸ್ತಿ ಇರುವುದಿಲ್ಲ. ಎಲ್ಲಕ್ಕಿಂತ ಕಷ್ಟವೆಂದರೆ ಮೊದಲ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರಬಹುದು. ಹತ್ತರಿಂದ ಹದಿನಾಲ್ಕು ದಿನ ಬಿಟ್ಟು ಮತ್ತೆ ತೆಗೆದರೆ ಸಾಮಾನ್ಯವಾಗಿ ಕಾಣುತ್ತದೆ, ಇಲ್ಲದಿದ್ದರೆ ಸ್ಕ್ಯಾನ್ ಮಾಡಿಸಬೇಕು. ಅಲ್ಲಿಯ ತನಕ ಹೆಬ್ಬೆರಳೂ ಸೇರುವಂತೆ ಪಟ್ಟಿಯೋ ಸ್ಪ್ಲಿಂಟೋ ಹಾಕಿ ಕಾಯುತ್ತಾರೆ.

ನನಗೆ ಇದನ್ನು ಯಾರೂ ಹೇಳಲಿಲ್ಲ. ಜುಲೈಯಲ್ಲಿ ಹಾಲಿನ ಕ್ಯಾನ್ ಹಿಡಿದುಕೊಂಡೇ ಕೊಟ್ಟಿಗೆ ಮೆಟ್ಟಿಲಲ್ಲಿ ಜಾರಿದೆ. ಮರುದಿನ ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆದು "ಮೂಳೆ ಸರಿಯಿದೆ, ಉಳುಕು" ಅಂದರು. ಮತ್ತೆ ಬಂದು ತೋರಿಸಿ ಅನ್ನಲಿಲ್ಲ. ನಾನೂ ಖುಷಿಯಲ್ಲಿ ಎಣ್ಣೆ ನೀವಿಸಿಕೊಂಡೆ, ಹಾಲೂ ಕರೆದೆ. ಸೆಪ್ಟೆಂಬರಿನಲ್ಲಿ ನಮ್ಮ ಕೈಲ್ ಮುಹೂರ್ತ ಹಬ್ಬದ ದಿನ ಕಡಂಬುಟ್ಟಿಗೆ ಅಕ್ಕಿತರಿಯ ಉಂಡೆ ಕಟ್ಟಲು ಕೂತರೆ ಹೆಬ್ಬೆರಳ ಬುಡದಲ್ಲಿ ಜೀವ ಹೋಗುವ ನೋವು. ಮೂರನೇ ಉಂಡೆಗೆ ಎದ್ದುಬಿಟ್ಟೆ. ಇನ್ನೊಂದು ಕಡೆ ಎಕ್ಸ್‌ರೇ ತೆಗೆದಾಗ ಬಿರುಕು ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಹತ್ತು ವಾರ ಪ್ಲಾಸ್ಟರ್. ಬಿಚ್ಚುವ ಹೊತ್ತಿಗೆ ಅರೇಬಿಕಾ ಹಣ್ಣಾಗುತ್ತಿತ್ತು.

ಅಷ್ಟು ದಿನ ಯಾಕೆಂದರೆ ಈ ಮೂಳೆಗೆ ರಕ್ತ ಹೋಗುವುದು ಹೆಚ್ಚಾಗಿ ಬೆರಳಿನ ಕಡೆಯ ತುದಿಯಿಂದ. ನಡುವೆ ಮುರಿದರೆ ತೋಳಿನ ಕಡೆಯ ತುಂಡಿಗೆ ರಕ್ತ ಸಾಲದೇ ಹೋಗಬಹುದು. ಸರಿಯಾಗಿ ಹಿಡಿದಿಡದಿದ್ದರೆ ಮೂಳೆ ಕೂಡದೇ ಇರಬಹುದು, ಆ ತುಂಡು ಸತ್ತೂ ಹೋಗಬಹುದು.

ತಂಪು, ಮೊದಲ ಎರಡು ಮೂರು ದಿನ

ಆ ಮೂರು ಕಡೆಯೂ ನೋವಿಲ್ಲ, ಉಳುಕೇ ಇರಬಹುದು ಅಂತಾಯಿತು. ಐಸನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದರಿಂದ ಇಪ್ಪತ್ತು ನಿಮಿಷ ಇಡಿ, ಎರಡು ಮೂರು ಗಂಟೆಗೊಮ್ಮೆ. ಬರಿಯ ಐಸು ಚರ್ಮಕ್ಕೆ ತಾಗಿಸಬೇಡಿ, ಸುಡುತ್ತದೆ. ಗಾಳಿಮಳೆಗೆ ಮೂರು ದಿನ ಕರೆಂಟಿಲ್ಲದಿದ್ದರೆ ಐಸೆಲ್ಲಿಂದ ತರುವುದು ಅಂತೀರಾ? ನಮ್ಮ ಮಳೆಗಾಲದ ತೊಟ್ಟಿ ನೀರಿಗೆ ಫ್ರಿಜ್ಜಿನ ಹಂಗಿಲ್ಲ. ಟವೆಲ್ ಅದ್ದಿ ಸುತ್ತಿ, ಬೆಚ್ಚಗಾದಾಗ ಬದಲಿಸಿ.

ಕೂತಾಗ, ಮಲಗಿದಾಗ ಕೈ ಎದೆಗಿಂತ ಮೇಲಿರಲಿ. ಎರಡು ದಿಂಬು ಸಾಕು.

ಈ ದಿನಗಳಲ್ಲಿ ಒಲೆ ಮುಂದೆ ಕೈ ಕಾಯಿಸುವುದು ಬೇಡ. ಚಳಿಗೆ ಹಿತವಾಗಿರುತ್ತದೆ, ನಿಜ. ಆದರೆ ಊತ ಏರುತ್ತದೆ. ತಿಕ್ಕುವುದು, ನೀವುವುದು ಬೇಡವೇ ಬೇಡ. ನೋವು ಮರೆಯಲು ಮಿಲಿಟರಿ ಕ್ಯಾಂಟೀನ್ ರಮ್ ಎರಡು ಪೆಗ್ ಹಾಕುವವರಿದ್ದಾರೆ. ಅದರಿಂದಲೂ ಊತ ಜಾಸ್ತಿಯಾಗಬಹುದು, ಜೊತೆಗೆ ಅದೇ ಅಂಗಳದಲ್ಲಿ ಎರಡನೇ ಸಲ ಜಾರುವ ಅವಕಾಶ. ನೋವಿಗೆ ಪ್ಯಾರಸಿಟಮಾಲ್ ಸಾಕಾಗುತ್ತದೆ. ಅದಕ್ಕಿಂತ ಜೋರಿನ ಮಾತ್ರೆಗಳನ್ನು ಅಂಗಡಿಯವರ ಮಾತು ಕೇಳಿ ನುಂಗಬೇಡಿ. ಬಿಪಿ, ಕಿಡ್ನಿ, ಹೊಟ್ಟೆಹುಣ್ಣು ಇರುವವರು ಡಾಕ್ಟರನ್ನೇ ಕೇಳಿ.

ಪಟ್ಟಿ ಕಟ್ಟುವುದು

ಮೂರು ಇಂಚಿನ ಕ್ರೇಪ್ ಬ್ಯಾಂಡೇಜ್ ತನ್ನಿ. ನಮ್ಮವರು ಕಟ್ಟುವ ಕ್ರಮ ಹೀಗೆ: ಮಣಿಕಟ್ಟಿಗಷ್ಟೇ ನಾಲ್ಕು ಸುತ್ತು, ಕರುವಿಗೆ ಹಗ್ಗ ಬಿಗಿದ ಹಾಗೆ. ಸಂಜೆಯೊಳಗೆ ಬೆರಳು ಪುಟ್ಟಬಾಳೆಹಣ್ಣಿನಷ್ಟು ದಪ್ಪ. ಕಟ್ಟಬೇಕಾದದ್ದು ಬೆರಳ ಕಡೆಯಿಂದ ಮೊಣಕೈ ಕಡೆಗೆ. ಬೆರಳ ಗೆಣ್ಣುಗಳ ಕೆಳಗೆ ಅಂಗೈಗೆ ಎರಡು ಸುತ್ತು ಹಾಕಿ. ಹೆಬ್ಬೆರಳು ಮತ್ತು ತೋರುಬೆರಳ ಸಂದಿಯಿಂದ ಓರೆಯಾಗಿ ಮಣಿಕಟ್ಟಿಗೆ ತನ್ನಿ, ಒಂದು ಸುತ್ತು ಸುತ್ತಿ ಮತ್ತೆ ಅಂಗೈಗೆ ಹೋಗಿ ಬನ್ನಿ. ಆಮೇಲೆ ಮುಂಗೈ ಮೇಲೆ ನಾಲ್ಕೈದು ಬೆರಳಷ್ಟು ಏರಿಸಿ. ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚಲಿ. ಕಟ್ಟಿದ ಮೇಲೆ ಉಗುರು ಒತ್ತಿ ಬಿಡಿ. ಬಿಳಿಚಿದ್ದು ಎರಡು ಸೆಕೆಂಡಿನಲ್ಲಿ ಕೆಂಪಾಗದಿದ್ದರೆ ಬಿಗಿ ಜಾಸ್ತಿಯಾಯಿತು, ಬಿಚ್ಚಿ ಕಟ್ಟಿ. ಜೊತೆಗೆ ಬರುವ ಕ್ಲಿಪ್ಪು ಎಸೆಯಿರಿ, ಟೇಪ್ ಅಂಟಿಸಿ. ರಾತ್ರಿ ಬಿಚ್ಚಿಡಿ.

ತಾಮ್ರದ ಬಳೆ, ಅಯಸ್ಕಾಂತದ ಪಟ್ಟಿ ಅಂತ ಜಾತ್ರೆಯಲ್ಲಿ ಮಾರುತ್ತಾರೆ. ಆ ದುಡ್ಡಿಗೆ ಇನ್ನೊಂದು ಕ್ರೇಪ್ ತಗೊಳ್ಳಿ.

ಮತ್ತೆ ಕೆಲಸಕ್ಕೆ

ಬೆರಳುಗಳನ್ನು ಮೊದಲ ದಿನದಿಂದಲೇ ಮಡಚಿ ಬಿಡಿಸುತ್ತಿರಿ. ಚುಚ್ಚುವ ನೋವು ಇಳಿದ ಮೇಲೆ ಮಣಿಕಟ್ಟು ಶುರು ಮಾಡಿ. ಮೇಜಿನ ಅಂಚಿನಿಂದ ಕೈ ಇಳಿಬಿಟ್ಟು ಮೇಲೆ ಕೆಳಗೆ ಹತ್ತು ಸಲ, ಪಕ್ಕಕ್ಕೆ ಹತ್ತು ಸಲ. ಸೌಟು ಹಿಡಿದು ಅಂಗೈ ಮೇಲೆ, ಕೆಳಗೆ ತಿರುಗಿಸಿ. ದಿನಕ್ಕೆ ಎರಡು ಮೂರು ಸಲ, ಬೆಚ್ಚಗಿನ ನೀರಿನಲ್ಲಿ ಅದ್ದಿಟ್ಟು ಮಾಡಿದರೆ ಇನ್ನೂ ಸುಲಭ. ಎಳೆದಂತಾದರೆ ಪರವಾಗಿಲ್ಲ, ಚುಚ್ಚಿದರೆ ನಿಲ್ಲಿಸಿ. ಆಮೇಲೆ ಪಾತ್ರೆ ತೊಳೆಯುವ ಸ್ಪಂಜು ಹಿಂಡುವುದು, ಕೊನೆಗೆ ಅರ್ಧ ಲೀಟರ್ ನೀರಿನ ಬಾಟಲಿ ಎತ್ತುವುದು. ಸ್ಪ್ರಿಂಗಿನ ಗ್ರಿಪ್ಪರ್ ಬೇಡ, ಅದು ಗಟ್ಟಿ ಕೈಗೆ.

ಎರಡು ವಾರವಾದರೂ ನೋವು ಇಳಿಯುತ್ತಿಲ್ಲ, ಅಥವಾ ಕೈ ತಿರುಗಿಸಿದರೆ ಕಟಕಟ ಅನ್ನುತ್ತಿದೆ, ಹಿಡಿತ ಜಾರುತ್ತಿದೆ ಅಂದರೆ ಮೂಳೆ ಡಾಕ್ಟರಿಗೆ ತೋರಿಸಿ. ಹಳೆ ಎಕ್ಸ್‌ರೇ ತಗೊಂಡು ಹೋಗಿ.

ಕತ್ತಿ, ಹಾರೆ, ಹಾಕಿ ಸ್ಟಿಕ್ಕು ಹಿಡಿಯುವ ಮುಂಚೆ ಒಂದು ಪರೀಕ್ಷೆ. ಗೋಡೆಗೆ ಅಂಗೈ ಊರಿ ಮೈಭಾರ ಬಿಡಿ. ನೋವಿಲ್ಲದಿದ್ದರೆ ಕುರ್ಚಿಯ ಕೈ ಹಿಡಿದು ಊರಿ ಏಳಿ. ಅದೂ ಆಯಿತಾ? ಹಾಗಾದರೆ ಕೆಲಸಕ್ಕೆ ಹೋಗಿ. ಅಂಗಳಕ್ಕೆ ಬ್ಲೀಚಿಂಗ್ ಪುಡಿ ಹಾಕಿ ಪಾಚಿ ಉಜ್ಜುವ ಕೆಲಸವನ್ನು ಮಾತ್ರ ಈ ಒಂದು ತಿಂಗಳು ಮನೆಯಲ್ಲಿ ಬೇರೆ ಯಾರಿಗಾದರೂ ಒಪ್ಪಿಸಿ.