ಒಂದು ಕ್ಯಾನ್, ಒಂದು ಪೈಪು: ನಿಮ್ಮ ಶ್ವಾಸಕೋಶದಿಂದ ಎಷ್ಟು ಗಾಳಿ ಹೊರಗೆ ಬರತ್ತೆ ಅಂತ ಅಳೆಯೋದು ಹೇಗೆ

ಉಸಿರಾಟದ ಪಾಠ ಎಲ್ಲರೂ ಸ್ಕೂಲಲ್ಲಿ ಓದಿರ್ತೀವಿ, ಚಿತ್ರ ಬಿಡಿಸಿ ಹೆಸರೂ ಬರೆದಿರ್ತೀವಿ, ಆದ್ರೆ ಒಂದು ಉಸಿರಲ್ಲಿ ಎಷ್ಟು ಗಾಳಿ ಹೋಗತ್ತೆ ಅಂತ ಕೇಳಿದ್ರೆ ಅಂದಾಜೂ ಇರಲ್ಲ. ಅಳೆದು ನೋಡೋದು ಏನೂ ಕಷ್ಟ ಇಲ್ಲ, ಮನೇಲಿರೋ ಸಾಮಾನೇ ಸಾಕು.

ಬೇಕಾಗೋದು: ಮುಚ್ಚಳ ಇರೋ 5 ಲೀಟರಿನ ನೀರಿನ ಕ್ಯಾನ್, ದೊಡ್ಡ ಟಬ್, ಒಂದು ಮೀಟರ್ ಉದ್ದದ ಪ್ಲಾಸ್ಟಿಕ್ ಪೈಪು, ಅಳತೆ ಜಗ್, ಕ್ಯಾನ್ ಹಿಡ್ಕೊಳ್ಳೋಕೆ ಇನ್ನೊಬ್ರು. ಪೈಪು ಬೆರಳಷ್ಟಾದ್ರೂ ದಪ್ಪ ಇರ್ಲಿ, ತೀರಾ ಸಣ್ಣದಾದ್ರೆ ಕೆನ್ನೆ ಉಬ್ಬತ್ತೆ ಅಷ್ಟೇ, ಗಾಳಿ ಪೂರ್ತಿ ಹೊರಗೆ ಹೋಗಲ್ಲ. ಆಸ್ತಮಾ, ಹಾರ್ಟ್ ಪ್ರಾಬ್ಲಮ್ ಇರೋರು, ಇತ್ತೀಚೆಗೆ ಆಪರೇಷನ್ ಆದೋರು ಜೋರಾಗಿ ಊದೋ ಕೆಲಸಕ್ಕೆ ಹೋಗ್ಬೇಡಿ, ಬೇರೆಯವರು ಊದ್ಲಿ ನೀವು ಲೆಕ್ಕ ಬರ್ಕೊಳ್ಳಿ.

ಟಬ್ಬಿಗೆ ನಾಲ್ಕೈದು ಇಂಚು ನೀರು ಹಾಕಿ, ಜಾಸ್ತಿ ಬೇಡ, ಯಾಕಂದ್ರೆ ಕ್ಯಾನಿನ ನೀರೆಲ್ಲ ಆಮೇಲೆ ಇದಕ್ಕೇ ಬರೋದು. ಕ್ಯಾನಿಗೆ ಕಂಠಪೂರ್ತಿ ನೀರು ತುಂಬಿ ಮುಚ್ಚಳ ಹಾಕಿ, ತಲೆಕೆಳಗು ಮಾಡಿ ಬಾಯಿ ನೀರೊಳಗೆ ಮುಳುಗಿದ ಮೇಲೇನೇ ಮುಚ್ಚಳ ಬಿಚ್ಚಿ. ನೀರು ಕೆಳಗೆ ಇಳಿಯಲ್ಲ, ಹಾಗೇ ನಿಂತಿರತ್ತೆ. ಈಗ ಪೈಪಿನ ಒಂದು ತುದೀನ ಕ್ಯಾನಿನ ಬಾಯೊಳಗೆ ಸ್ವಲ್ಪ ಮಾತ್ರ ತೂರಿಸಿ. ಇಲ್ಲಿ ಹುಷಾರು, ತುದಿ ಟಬ್ಬಿನ ನೀರಿನ ಮಟ್ಟಕ್ಕಿಂತ ಮೇಲೆ ಹೋಯ್ತು ಅಂದ್ರೆ ನೀವು ಊದದೇನೇ ಹೊರಗಿನ ಗಾಳಿ ಬುಳುಬುಳು ಅಂತ ಒಳಗೆ ಸೇರ್ಕೊಂಡು ಲೆಕ್ಕ ಎಲ್ಲ ಕೆಡತ್ತೆ.

ನೆಟ್ಟಗೆ ನಿಂತ್ಕೊಳ್ಳಿ, ಆದಷ್ಟು ಗಾಳಿ ಎಳ್ಕೊಳ್ಳಿ, ಮೂಗು ಹಿಡ್ಕೊಂಡು ಪೈಪಿಗೆ ಊದಿ, ಮುಗೀತು ಅನ್ಸಿದ್ಮೇಲೂ ಇನ್ನೊಂಚೂರು ಊದಿ. ಪೈಪಿಂದ ಒಳಗೆ ಮಾತ್ರ ಎಳೀಬೇಡಿ, ನೀರು ಬಾಯಿಗೆ ಬರತ್ತೆ. ಕ್ಯಾನ್ ಹಗುರಾಗಿ ಮೇಲೇಳೋಕೆ ನೋಡತ್ತೆ, ಅದಕ್ಕೇ ಇನ್ನೊಬ್ರು ಬೇಕು ಅಂದಿದ್ದು. ಆಮೇಲೆ ನೀರೊಳಗೇ ಮುಚ್ಚಳ ಹಾಕಿ ಹೊರಗೆ ತೆಗೆದು ನೆಟ್ಟಗೆ ಇಟ್ಟು, ಮತ್ತೆ ಕಂಠಪೂರ್ತಿ ಆಗೋಕೆ ಎಷ್ಟು ನೀರು ಬೇಕು ಅಂತ ಜಗ್‌ನಲ್ಲಿ ಅಳೆದು ಹಾಕಿ. ಹಾಕಿದ ನೀರು ಎಷ್ಟೋ ನೀವು ಊದಿದ ಗಾಳಿ ಅಷ್ಟು. ಕ್ಯಾನಿನ ಮೇಲೆ ಗೆರೆ ಎಳೆಯೋದಕ್ಕಿಂತ ಇದೇ ಸರಿಯಾದ ಲೆಕ್ಕ ಕೊಡತ್ತೆ. ನಡುವೆ ಒಂದೆರಡು ನಿಮಿಷ ಬಿಟ್ಟು ಮೂರು ಸಲ ಮಾಡಿ, ಎಲ್ಲಕ್ಕಿಂತ ಜಾಸ್ತಿ ಬಂದಿದ್ದನ್ನ ಬರ್ಕೊಳ್ಳಿ. ತಲೆ ಸುತ್ತಿದ್ರೆ ಕೂತ್ಕೊಂಡುಬಿಡಿ.

ದೊಡ್ಡೋರಿಗೆ ಸಾಮಾನ್ಯವಾಗಿ 3ರಿಂದ 5 ಲೀಟರ್ ಒಳಗೆ ಬರತ್ತೆ. ಎತ್ತರ ಇದ್ದೋರಿಗೆ ಜಾಸ್ತಿ, ವಯಸ್ಸಾದ ಹಾಗೆ ಕಮ್ಮಿ. 1846ರಲ್ಲಿ ಜಾನ್ ಹಚಿನ್ಸನ್ ಅನ್ನೋ ಇಂಗ್ಲೆಂಡಿನ ಡಾಕ್ಟ್ರು ನೀರಲ್ಲಿ ಬೋರಲು ಹಾಕಿದ ಪಾತ್ರೆಗೇ ಎರಡು ಸಾವಿರಕ್ಕೂ ಹೆಚ್ಚು ಜನರ ಕೈಲಿ ಊದಿಸಿ ಈ ಎತ್ತರದ ಸಂಬಂಧಾನ ತೋರಿಸಿದ್ರು, ನಮ್ಮ ಕ್ಯಾನಿನ ಹಿಂದಿರೋದೂ ಅದೇ ಐಡಿಯಾ. ಬೇಕಿದ್ರೆ ಗೂನು ಬೆನ್ನು ಮಾಡಿ ಕೂತ್ಕೊಂಡು ಇನ್ನೊಂದ್ಸಲ ಊದಿ ನೋಡಿ, ಸಾಮಾನ್ಯವಾಗಿ ಕಮ್ಮಿ ಬರತ್ತೆ. ಶ್ವಾಸಕೋಶಕ್ಕೆ ತಾನೇ ಹಿಗ್ಗೋ ಸ್ನಾಯು ಇಲ್ಲ. ಎದೆಗೂಡಿನ ತಳದಲ್ಲಿರೋ ವಪೆ (ಡಯಾಫ್ರಮ್) ಅನ್ನೋ ಸ್ನಾಯು ಸಿರಿಂಜಿನ ಪಿಸ್ಟನ್ ಥರ ಕೆಳಗೆ ಇಳಿಯತ್ತೆ, ಪಕ್ಕೆಲುಬು ಮೇಲೆ-ಹೊರಗೆ ಸರಿಯತ್ತೆ, ಒಳಗಿನ ಒತ್ತಡ ಕಮ್ಮಿ ಆಗಿ ಗಾಳಿ ತಾನಾಗೇ ನುಗ್ಗತ್ತೆ. ಬಗ್ಗಿ ಕೂತ್ರೆ ವಪೆಗೆ ಇಳಿಯೋಕೆ ಜಾಗ ಇಲ್ಲ, ಪಕ್ಕೆಲುಬೂ ಸರಿಯಾಗಿ ಏಳಲ್ಲ. ಇನ್ನೊಂದು ವಿಷಯ, ಎಷ್ಟೇ ಊದಿದ್ರೂ ಸುಮಾರು 1.2 ಲೀಟರ್ ಗಾಳಿ ಒಳಗೇ ಉಳಿಯತ್ತೆ, ಅದನ್ನ ಈ ಕ್ಯಾನಲ್ಲಿ ಅಳೆಯೋಕೆ ಆಗಲ್ಲ.

ಈಗ ಸಾಮಾನ್ಯ ಉಸಿರು. ನೋಡ್ತಾ ಇದೀವಿ ಅಂದ ತಕ್ಷಣ ಉಸಿರು ಕೃತಕ ಆಗ್ಬಿಡತ್ತೆ, ಅದಕ್ಕೆ ಮೂಗಲ್ಲಿ ಎಳ್ಕೊಂಡು ಪೈಪಿಗೆ ಬಿಡೋದನ್ನ ಐದು ಸಲ ಮಾಡಿ ಒಟ್ಟು ಲೆಕ್ಕಾನ ಐದರಿಂದ ಭಾಗಿಸಿ. ಸುಮಾರು 500 ಎಂಎಲ್ ಆಸುಪಾಸು ಬರ್ಬೇಕು. ಇದ್ರಲ್ಲಿ ನನಗೆ ಇಷ್ಟ ಆಗೋ ಭಾಗ ಈಗ ಬರತ್ತೆ. ಆ 500ರಲ್ಲಿ ಸುಮಾರು 150 ಎಂಎಲ್ ಗಂಟಲು, ಶ್ವಾಸನಾಳ, ಅದರ ಕವಲುಗಳಲ್ಲೇ ನಿಂತು ವಾಪಸ್ ಬರತ್ತೆ, ರಕ್ತಕ್ಕೆ ಆಕ್ಸಿಜನ್ ಹೋಗೋ ಗಾಳಿಗೂಡುಗಳ ತನಕ ತಲುಪೋದೇ ಇಲ್ಲ. ನಿಮಿಷಕ್ಕೆ 500ರ ಹಾಗೆ 20 ಉಸಿರು ಅಂದ್ರೆ 10 ಲೀಟರ್, ಅದ್ರಲ್ಲಿ 3 ಲೀಟರ್ ವೇಸ್ಟ್, 7 ಲೀಟರ್ ಕೆಲಸಕ್ಕೆ ಬರತ್ತೆ. ಅದೇ ಏದುಸಿರು ಬಿಡ್ತಾ 250ರ ಹಾಗೆ 40 ಉಸಿರು ಎಳೆದ್ರೂ ಒಟ್ಟು 10 ಲೀಟರೇ, ಆದ್ರೆ 6 ಲೀಟರ್ ದಾರೀಲೇ ಹೋಯ್ತು, ಉಳಿದಿದ್ದು ಬರೀ 4. ಎದೆ ಅಷ್ಟು ಬಡ್ಕೊಂಡ್ರೂ ಗಾಳಿ ಸಾಲ್ತಿಲ್ಲ ಅನ್ಸೋಕೆ ಇದೂ ಒಂದು ಕಾರಣ.

ನಿಮ್ಮ ಲೆಕ್ಕ ಕಮ್ಮಿ ಬಂತು ಅಂತ ಗಾಬರಿ ಬೇಡ, ಜಾಸ್ತಿ ಬಂತು ಅಂತ ಎಲ್ಲ ಸರಿ ಇದೆ ಅಂತಾನೂ ಅಂದ್ಕೋಬೇಡಿ. ಕ್ಯಾನ್ ಹೇಳೋದು ಎಷ್ಟು ಗಾಳಿ ಅಂತ ಮಾತ್ರ, ಎಷ್ಟು ಬೇಗ ಬಂತು ಅಂತ ಹೇಳಲ್ಲ, ಆಸ್ತಮಾದಲ್ಲಿ ಮುಖ್ಯವಾಗಿ ಹೊಡೆತ ಬೀಳೋದು ಆ ವೇಗಕ್ಕೇ. ಡಾಕ್ಟ್ರು ಮಾಡ್ಸೋ ಸ್ಪೈರೋಮೆಟ್ರಿಯಲ್ಲಿ ಮೊದಲ ಒಂದೇ ಸೆಕೆಂಡಲ್ಲಿ ಎಷ್ಟು ಹೊರಗೆ ಬಂತು ಅಂತ ಬೇರೆಯಾಗಿ ನೋಡ್ತಾರೆ, ಆರೋಗ್ಯವಂತರಲ್ಲಿ ಒಟ್ಟು ಗಾಳಿಯ ಮುಕ್ಕಾಲು ಭಾಗದಷ್ಟು ಆ ಸೆಕೆಂಡಲ್ಲೇ ಬಂದಿರತ್ತೆ. ಮೆಟ್ಟಿಲು ಹತ್ತಿದ್ರೆ ಏದುಸಿರು, ಸುಯ್ ಅನ್ನೋ ಶಬ್ದ ಇದ್ರೆ ಕ್ಯಾನ್ ಬದಿಗಿಟ್ಟು ಆ ಟೆಸ್ಟ್ ಮಾಡಿಸ್ಕೊಳ್ಳಿ.

ಅಂದ ಹಾಗೆ ಒಬ್ರು ಊದಿದ ಪೈಪಿಗೆ ಇನ್ನೊಬ್ರು ಬಾಯಿ ಹಾಕೋದು ಬೇಡ, ಎಲ್ಲರಿಗೂ ಒಂದೊಂದು ತುಂಡು ಕತ್ತರಿಸಿ ಇಟ್ಕೊಳ್ಳಿ.