ಕಟ್ಟಿಕೊಂಡ ಕುಟುಂಬದ ಸಿನಿಮಾ, ಕಥೆಯ ಕ್ರಮದಲ್ಲೇ ಶೂಟಿಂಗ್: ನನ್ನ ಅನುಭವ

ಜೊತೆಗೆ ಬಾಳುವ ಇಬ್ಬರು ಗಂಡಸರು, ಅವರಲ್ಲೊಬ್ಬನ ಮಾಜಿ ಹೆಂಡತಿ, ಮಕ್ಕಳಿಲ್ಲದ ಒಬ್ಬ ಮುದುಕಿ: ನನ್ನ ಸಿನಿಮಾದಲ್ಲಿ ಈ ನಾಲ್ವರದೂ ಒಂದೇ ಮನೆ. ಸಾಮಾನ್ಯವಾಗಿ ಅನುಕೂಲ ನೋಡಿ ಹಿಂದುಮುಂದಾಗಿ ತೆಗೆಯುವ ಸೀನ್‌ಗಳನ್ನು ಕಥೆಯ ಕ್ರಮದಲ್ಲೇ ತೆಗೆಯುತ್ತೇನೆ ಎಂದಾಗ, ದುಡ್ಡು ಮುಳುಗುತ್ತದೆ ಅಂದವರೇ ಎಲ್ಲ. ಹೆಚ್ಚಾದದ್ದು ಸುಮಾರು ನಾಲ್ಕು ದಿನ. ಲೊಕೇಶನ್ ಒಂದೇ ಆದ್ದರಿಂದ ಸಾಗಾಟದ ಖರ್ಚು ಉಳಿದು ಲೆಕ್ಕ ಸರಿಹೋಯಿತು.

ಮೊದಲ ಪೆಟ್ಟು ಬಿದ್ದದ್ದು ಸ್ಕ್ರಿಪ್ಟ್‌ನಲ್ಲಿ. 'ನೀವೇ ನನ್ನವರು' ಎಂಬಂಥ ಮಾತು ಎಂಟೊಂಬತ್ತು ಕಡೆ ಇತ್ತು. ಒಂದನ್ನುಳಿಸಿ ಎಲ್ಲ ಹೊಡೆದುಹಾಕಿ, ಆ ಜಾಗಕ್ಕೆ ಕೆಲಸ ಕೊಟ್ಟೆ: ಮುದುಕಿಯ ಮಾತ್ರೆ ಡಬ್ಬಿ ತುಂಬುವುದು, ಕೇಳದೆಯೇ ಅವಳ ಕನ್ನಡಕ ಒರೆಸಿಡುವುದು. ನಟರಿಗೆ ಹತ್ತು ದಿನ ಅದೇ ಮನೆಯಲ್ಲಿ ರಿಹರ್ಸಲ್. ಅಡುಗೆ, ಪಾತ್ರೆ ಎಲ್ಲ ಅವರದೇ. ಡಬ್ಬಿ ಯಾವ ಕಪಾಟಿನಲ್ಲಿದೆ ಅಂತ ಕೈಗೇ ಗೊತ್ತಿರಬೇಕು. ಕಣ್ಣು ಹುಡುಕಿದರೆ ಕ್ಯಾಮೆರಾ ಹಿಡಿದುಬಿಡುತ್ತದೆ.

ದುಡ್ಡು ತಿಂದದ್ದು ಊಟದ ಮೇಜು. ನಾಲ್ಕು ಪುಟದ ಸೀನ್. ಕ್ಯಾಮೆರಾ ಮೇಜು ಸುತ್ತಿದ್ದೇ ತಪ್ಪಾಯಿತು, 180 ಡಿಗ್ರಿ ಗೆರೆ (ಎದುರುಬದುರಾದ ಇಬ್ಬರ ನಡುವೆ ಎಳೆದ ಕಾಲ್ಪನಿಕ ಗೆರೆ; ಕ್ಯಾಮೆರಾ ಅದರ ಒಂದೇ ಬದಿಯಲ್ಲಿರಬೇಕು) ದಾಟಿತು. ಜೋಡಿಸಿ ನೋಡಿದರೆ ಎದುರುಬದುರು ಕೂತ ಪ್ರೇಮಿಗಳಿಬ್ಬರೂ ಒಂದೇ ಕಡೆ ನೋಡುತ್ತಿದ್ದರು. ಇಡೀ ದಿನದ ಕೆಲಸ ನೀರುಪಾಲು. ಎರಡನೇ ಸಲ ಮೇಜಿನ ಒಂದೇ ಬದಿಯಲ್ಲಿ ನಿಂತೆವು: ಇಡೀ ಸೀನ್ ಹಿಡಿಯುವ ಮಾಸ್ಟರ್ ಶಾಟ್‌ಗೆ 35 ಎಂಎಂ ಲೆನ್ಸ್, ಉಳಿದದ್ದಕ್ಕೆ ಇನ್ನಷ್ಟು ಹತ್ತಿರ ತೋರಿಸುವ 50. ಒಂಟಿ ಕ್ಲೋಸಪ್ ಬೇಡವೇ ಬೇಡ ಎಂದೆ. ಅದು ಬಿದ್ದ ಕೂಡಲೇ ಕುಟುಂಬ ಚೂರಾಗುತ್ತದೆ. ಫ್ರೇಮಿನಲ್ಲಿ ಇಬ್ಬರಾದರೂ ಇರಲೇಬೇಕು. ಆದರೆ ಲೆನ್ಸ್‌ನ ಕಿಂಡಿ ಅಗಲವಾಗಿ ತೆರೆದ ಟಿ2ರಲ್ಲಿ ಹಿಂದಿನವರು ಮಸುಕಾದರು. ಕಿಂಡಿ ಕಿರಿದು ಮಾಡಿ ಟಿ5.6ಕ್ಕೆ ಹೋದರೆ ಬೆಳಕು ಎಂಟು ಪಟ್ಟು ಬೇಕು, ಲೈಟ್ ಬಾಡಿಗೆ ಏರಿತು. ತುತ್ತು ಎತ್ತುವುದನ್ನು ಗೊತ್ತಾದ ಮಾತಿಗೇ ಕಟ್ಟಿಹಾಕಿ. ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ತಟ್ಟೆ ತುಂಬುತ್ತ, ಖಾಲಿಯಾಗುತ್ತ ಇರುತ್ತದೆ.

ಪ್ರಣಯದ ಸೀನ್‌ಗೆ, ಎಲ್ಲಿ ಮುಟ್ಟಬಹುದು ಎಲ್ಲಿ ಬಾರದು ಎಂಬುದು ಮೊದಲೇ ಬರವಣಿಗೆಯಲ್ಲಿ. ಸೆಟ್‌ನಲ್ಲಿ ಐದಾರು ಜನ, ಹೊರಗಿನ ಮಾನಿಟರ್ ಬಂದ್. ಚಲನೆಗಳನ್ನು ನೃತ್ಯದಂತೆ ಎಣಿಕೆಗೆ ಕೂರಿಸಿದೆವು. ಒಬ್ಬ ಇನ್ನೊಬ್ಬನ ಒಡೆದ ಹಿಮ್ಮಡಿಗೆ ಎಣ್ಣೆ ಹಚ್ಚುವ ಶಾಟ್ ಎರಡೇ ಟೇಕ್. ಇಡೀ ಚಿತ್ರದಲ್ಲಿ ನನಗೆ ಅದರಷ್ಟು ಹೆಮ್ಮೆಯ ಶಾಟ್ ಇನ್ನೊಂದಿಲ್ಲ.

ಇನ್ನೊಂದು ಪ್ರಯೋಗ: ಖಾಲಿ ಕೋಣೆಯ ರೂಮ್ ಟೋನ್ (ಯಾರೂ ಮಾತಾಡದಾಗಲೂ ಕೋಣೆಯಲ್ಲಿರುವ ಸಣ್ಣ ಸದ್ದು) ಅಲ್ಲದೆ, ನಾಲ್ವರೂ ಸುಮ್ಮನೆ ಕೂತ ಒಂದು ನಿಮಿಷವನ್ನೂ ರೆಕಾರ್ಡ್ ಮಾಡಿದೆ. ಉಸಿರು, ಕುರ್ಚಿಯ ಸಣ್ಣ ಕಿರುಗುಟ್ಟುವಿಕೆ. ಮುದುಕಿ ಇಲ್ಲದ ಕೊನೆಯ ಸೀನಿನ ಅಡಿಯಲ್ಲಿ ಹಾಸಿದ್ದು ಅದನ್ನೇ. ಮೂವರ ಉಸಿರಿನ ನಡುವೆ ಅವಳದ್ದನ್ನು ಎಲ್ಲಿ ನಿಲ್ಲಿಸಿದೆ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.