ರೆಡ್ ಡಾಟ್: ಚುಕ್ಕೆಗಿಂತ ಮೊದಲು ಸ್ಕ್ರೂ

ರೆಡ್ ಡಾಟ್, ಅಂದರೆ ಗಾಜಿನಲ್ಲಿ ಕಾಣುವ ಕೆಂಪು ಚುಕ್ಕೆಯಿಂದ ಗುರಿ ಹಿಡಿಯುವ ಸೈಟ್, ಕೈಕೊಟ್ಟಿತು ಅಂತ ಯಾರಾದರೂ ಪಿಸ್ತೂಲು ತೋರಿಸಿದರೆ ನಾನು ಮೊದಲು ನೋಡುವುದು ಗಾಜನ್ನಲ್ಲ, ಬ್ಯಾಟರಿಯನ್ನೂ ಅಲ್ಲ, ಸ್ಕ್ರೂಗಳನ್ನು. ಕಳೆದ ವಾರ ನಡುವಿಗೆ ಬೀಳುತ್ತಿದ್ದ ಗುಂಡು ಈ ವಾರ ನಾಲ್ಕು ಇಂಚು ಪಕ್ಕಕ್ಕೆ ಬೀಳುತ್ತಿದೆ ಅಂದರೆ ಒಳಗಿನ ಎಲೆಕ್ಟ್ರಾನಿಕ್ಸ್ ಕೆಟ್ಟಿರುವುದು ಅಪರೂಪ. ಸೈಟ್ ಕೂತ ಜಾಗ ಸಡಿಲವಾಗಿರುತ್ತದೆ.

ನಾನು ಟೆಕ್ಸಾಸ್‌ನಲ್ಲಿ ಯುಎಸ್‌ಪಿಎಸ್‌ಎ (ಅಮೆರಿಕದ ಪ್ರಾಕ್ಟಿಕಲ್ ಶೂಟಿಂಗ್ ಸಂಘ) ಪಂದ್ಯಗಳ ಕ್ಯಾರಿ ಆಪ್ಟಿಕ್ಸ್, ಅಂದರೆ ಇಂಥ ಸೈಟ್ ಹಾಕಿದ ಪಿಸ್ತೂಲುಗಳ ವಿಭಾಗದಲ್ಲಿ ಹೊಡೆಯುವವನು. ಬಳಸುವುದು 9 ಎಂಎಂ ಗ್ಲಾಕ್ ಎಂಓಎಸ್, ಅಂದರೆ ಮೇಲ್ಗಡೆ ಹಿಂದಕ್ಕೂ ಮುಂದಕ್ಕೂ ಸರಿಯುವ ಸ್ಲೈಡಿನಲ್ಲಿ ಸೈಟ್ ಕೂರಿಸಲು ಜಾಗವಿರುವ ಪಿಸ್ತೂಲು; ಮೇಲೆ ಟ್ರಿಜಿಕಾನ್ ಆರ್‌ಎಂಆರ್ ಸೈಟ್. ಇನ್ನೊಂದು ಪಿಸ್ತೂಲಿನ ಮೇಲೆ ಹೋಲೋಸನ್ 507ಸಿ. ಭಾರತದಲ್ಲಿ ಪಿಸ್ತೂಲು ಕಲಿತವರಿಗೆ ಇದರ ರೂಢಿ ಇರುವುದಿಲ್ಲ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದ 10 ಮೀಟರ್, 25 ಮೀಟರ್ ಪಿಸ್ತೂಲು ಸ್ಪರ್ಧೆಗಳಲ್ಲಿ ಗಾಜಿಲ್ಲದ ತೆರೆದ ಸೈಟ್‌ಗೆ ಮಾತ್ರ ಅವಕಾಶ.

ಇದು ಲೇಸರ್ ಅಂದುಕೊಂಡವರು ಇನ್ನೂ ಇದ್ದಾರೆ. ಅಲ್ಲ. ಗುರಿಯ ಮೇಲೆ ಬೆಳಕೇನೂ ಬೀಳುವುದಿಲ್ಲ. ಹಿಂದೆ ಕೂತಿರುವ ಪುಟ್ಟ ಎಲ್‌ಇಡಿ ಮುಂದಿನ ಬಾಗಿದ ಗಾಜಿಗೆ ಬೆಳಕು ಬಿಡುತ್ತದೆ. ಗಾಜಿನ ಮೇಲಿನ ಲೇಪನ ಆ ಕೆಂಪನ್ನಷ್ಟೇ ಸಮಾನಾಂತರ ಕಿರಣಗಳಾಗಿ ಕಣ್ಣಿಗೆ ವಾಪಸ್ ಕಳಿಸುತ್ತದೆ. ಅದಕ್ಕೇ ಚುಕ್ಕೆ ಗಾಜಿನಲ್ಲಿರದೆ ದೂರದಲ್ಲಿ ತೇಲುವಂತೆ ಕಾಣುವುದು. ಈ ತತ್ವವನ್ನು ಡಬ್ಲಿನ್‌ನ ಹೋವರ್ಡ್ ಗ್ರಬ್ 1900ರಲ್ಲೇ ಹೇಳಿದ್ದ. ಸ್ವೀಡನ್ನಿನ ಏಮ್‌ಪಾಯಿಂಟ್ ಎಲ್‌ಇಡಿ ಹಾಕಿದ ಸೈಟನ್ನು ಮಾರುಕಟ್ಟೆಗೆ ತಂದದ್ದು 1975ರಲ್ಲಿ.

ಈಗ ಕೂರಿಸುವ ಕೆಲಸ. ಮ್ಯಾಗಜಿನ್ ತೆಗೆದು, ಗುಂಡು ಕೂರುವ ಚೇಂಬರನ್ನು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಿ, ಗುಂಡಿನ ಡಬ್ಬಿಯನ್ನು ಬೇರೆ ಕೋಣೆಗೆ ಸಾಗಿಸಿದ ಮೇಲೆಯೇ ಸ್ಕ್ರೂಡ್ರೈವರ್ ಮುಟ್ಟುತ್ತೇನೆ. ಹೊಸ ಸ್ಲೈಡಿನ ಸ್ಕ್ರೂ ತೂತಿನಲ್ಲಿ ಕಾರ್ಖಾನೆಯ ಎಣ್ಣೆ ಇದ್ದೇ ಇರುತ್ತದೆ. ಎಣ್ಣೆಯಿದ್ದರೆ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು ದ್ರವ) ಸರಿಯಾಗಿ ಹಿಡಿಯುವುದಿಲ್ಲ, ನೂರಿನ್ನೂರು ಗುಂಡಿಗೆ ಸ್ಕ್ರೂ ಬಿಟ್ಟುಕೊಳ್ಳಬಹುದು. ಮೆಡಿಕಲ್ ಶಾಪಿನಲ್ಲಿ ಸಿಗುವ ಶೇ. 91ರ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿ ಬಿಳಿಯಾಗಿಯೇ ಹೊರಬರುವವರೆಗೆ ತೂತುಗಳನ್ನು ಒರೆಸುತ್ತೇನೆ. ಸ್ಕ್ರೂಗಳಿಗೂ, ಸ್ಲೈಡಿಗೂ ಸೈಟಿಗೂ ನಡುವೆ ಕೂರುವ ಪ್ಲೇಟಿನ ಎರಡೂ ಮುಖಕ್ಕೂ ಅದೇ ಉಪಚಾರ.

ಥ್ರೆಡ್‌ಲಾಕರ್ ನೀಲಿಯದು, ಲಾಕ್‌ಟೈಟ್ 242 ಅಥವಾ 243. ಕೆಂಪು ಬೇಡ, ಅದನ್ನು ಬಿಚ್ಚಲು ಬಿಸಿ ಕೊಡಬೇಕಾಗುತ್ತದೆ, ಸೈಟ್ ಆ ಬಿಸಿ ತಡೆಯುವುದಿಲ್ಲ. ಸಾಸಿವೆ ಕಾಳಿನಷ್ಟು ಸಾಕು, ಅದೂ ಸ್ಕ್ರೂವಿನ ಎಳೆಗೆ, ತೂತಿಗಲ್ಲ. ತೂತಿಗೆ ಸುರಿದರೆ ಕೆಳಗೆ ಇಳಿದು, ಎಕ್ಸ್‌ಟ್ರಾಕ್ಟರನ್ನು (ಖಾಲಿ ಕೇಸನ್ನು ಎಳೆದು ತೆಗೆಯುವ ಕೊಕ್ಕೆ) ಒತ್ತಿ ಹಿಡಿಯುವ ಪ್ಲಂಜರ್ ಎಂಬ ಕಡ್ಡಿ ಓಡಾಡುವ ದಾರಿಗೆ ಸೇರಬಹುದು.

ಆ ಪ್ಲಂಜರಿನದೇ ಇನ್ನೊಂದು ತಕರಾರು. ಗ್ಲಾಕ್ ಸ್ಲೈಡಿನಲ್ಲಿ ಬಲಗಡೆಯ ಸ್ಕ್ರೂ ತೂತು ಸರಿಯಾಗಿ ಆ ದಾರಿಯ ಮೇಲೇ ಬರುತ್ತದೆ. ಸ್ಕ್ರೂ ಒಂದು ಸುತ್ತು ಉದ್ದವಾದರೂ ತುದಿ ಪ್ಲಂಜರನ್ನು ಒತ್ತಿ ಹಿಡಿಯುತ್ತದೆ, ಖಾಲಿ ಕೇಸು ಹೊರಬೀಳುವುದಿಲ್ಲ. ಆಗ ಎಲ್ಲರೂ ಬೈಯುವುದು ಗುಂಡನ್ನು, ಮ್ಯಾಗಜಿನ್ನನ್ನು. ಸೈಟ್ ಹಾಕುವ ಮೊದಲು ಎಕ್ಸ್‌ಟ್ರಾಕ್ಟರನ್ನು ಬೆರಳಿನಿಂದ ಆಡಿಸಿ ಅದರ ಬಿಗುವು ತಿಳಿದುಕೊಳ್ಳಿ, ಹಾಕಿದ ಮೇಲೆ ಮತ್ತೊಮ್ಮೆ ಆಡಿಸಿ. ಆಮೇಲೆ ಸಿಡಿಯದ ಹತ್ತು ಡಮ್ಮಿ ಗುಂಡು ತುಂಬಿ ಸ್ಲೈಡನ್ನು ಕೈಯಿಂದ ಎಳೆದು ನೋಡಿ. ಸ್ಕ್ರೂ ಗಿಡ್ಡವಾದರೆ ಅದು ಬೇರೆ ಪಾಡು: ಎರಡೇ ಎಳೆ ಕಚ್ಚಿಕೊಂಡಿದ್ದರೆ ಒದೆತಕ್ಕೆ ಎಳೆಯೇ ಕಿತ್ತು ಬರುತ್ತದೆ. ಪ್ಲೇಟಿಗೂ ಸೈಟಿಗೂ ಹೇಳಿದ ಉದ್ದದ ಸ್ಕ್ರೂವನ್ನೇ ಹಾಕಿ, ಡಬ್ಬಿಯಲ್ಲಿ ಸಿಕ್ಕಿದ್ದನ್ನಲ್ಲ.

ಬಿಗಿಯನ್ನು ಕೈ ಅಂದಾಜಿನಲ್ಲಿ ಮಾಡುವುದು ಬೇಡ. ಆರ್‌ಎಂಆರ್‌ಗೆ ಹೇಳಿರುವುದು 12 ಇಂಚು-ಪೌಂಡು, ಅಂದರೆ ಸುಮಾರು 1.36 ನ್ಯೂಟನ್-ಮೀಟರ್. ಬೇರೆ ಸೈಟುಗಳದ್ದೂ ಹೆಚ್ಚುಕಡಿಮೆ ಆ ಆಸುಪಾಸೇ. ಜೊತೆಗೆ ಬಂದ ಪುಸ್ತಿಕೆ ನೋಡಿಕೊಳ್ಳಿ. ಇದು ಎಷ್ಟು ಕಮ್ಮಿ ಬಿಗಿ ಅಂದರೆ ಎಲ್-ಕೀ ಹಿಡಿದ ಕೈ ಗೊತ್ತಾಗದೆ ದಾಟಿಬಿಡುತ್ತದೆ. ಎರಡು ಸ್ಕ್ರೂಗಳನ್ನೂ ಸರದಿಯಲ್ಲಿ ಸ್ವಲ್ಪಸ್ವಲ್ಪವೇ ತಿರುಗಿಸಿ ಕೊನೆಗೆ ಬಿಗಿಯನ್ನು ಅಳೆಯುವ ಟಾರ್ಕ್ ಡ್ರೈವರಿನಲ್ಲಿ ಮುಗಿಸುತ್ತೇನೆ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಸೈಟ್ ಓರೆಯಾಗಿ ಕೂರುತ್ತದೆ. ನಂತರ ಥ್ರೆಡ್‌ಲಾಕರ್ ಗಟ್ಟಿಯಾಗಲಿ ಅಂತ 24 ಗಂಟೆ ಮುಟ್ಟುವುದಿಲ್ಲ. ಪಂದ್ಯದ ಹಿಂದಿನ ರಾತ್ರಿ ಸೈಟ್ ಕೂರಿಸುವವರಿಗೆ ಹೇಳಲು ನನ್ನಲ್ಲೇನೂ ಇಲ್ಲ.

ಸ್ಕ್ರೂ ತಲೆಯಿಂದ ಸೈಟಿನ ಮೈಗೆ ಬಿಳಿ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆದಿಟ್ಟರೆ ಅಲುಗಿದ್ದು ದೂರದಿಂದಲೇ ಗೊತ್ತಾಗುತ್ತದೆ. ಆದರೆ ಆ ಗೆರೆಯನ್ನೇ ಪೂರ್ತಿ ನಂಬಬೇಡಿ. ಪ್ಲೇಟ್ ಇರುವ ಪಿಸ್ತೂಲಿನಲ್ಲಿ ಸ್ಕ್ರೂ ಎರಡು ಜೊತೆ: ಪ್ಲೇಟನ್ನು ಸ್ಲೈಡಿಗೆ ಹಿಡಿಯುವವು, ಸೈಟನ್ನು ಪ್ಲೇಟಿಗೆ ಹಿಡಿಯುವವು. ಮೇಲಿನವು ನೆಟ್ಟಗಿದ್ದರೂ ಅಡಿಯವು ಸಡಿಲವಾಗಿರಬಹುದು. ಸೈಟನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು ನಾಲ್ಕೂ ಕಡೆ ನೂಕಿ ನೋಡುವುದು ಹತ್ತು ಸೆಕೆಂಡಿನ ಕೆಲಸ. ಕೂದಲೆಳೆಯಷ್ಟು ಆಡಿದರೂ ಬಿಚ್ಚಿ, ಒರೆಸಿ, ಹೊಸ ಸ್ಕ್ರೂ ಹಾಕುತ್ತೇನೆ. ಹಳೆಯದಕ್ಕೇ ಇನ್ನೊಂದು ಹನಿ ಬಿಟ್ಟು ತಿರುಪಿದರೆ ಒಂದು ದಿನ ತಲೆ ಮುರಿದು ಕೈಗೆ ಬರುತ್ತದೆ.

ಝೀರೋ ಮಾಡುವುದು, ಅಂದರೆ ಚುಕ್ಕೆ ಇಟ್ಟಲ್ಲೇ ಗುಂಡು ಬೀಳುವಂತೆ ಸೈಟನ್ನು ಹೊಂದಿಸುವುದು, ನಾನು 25 ಗಜಕ್ಕೆ. ಮೊದಲು 10 ಗಜದಲ್ಲಿ ಹಾಳೆಯ ಮೇಲೆ ತಂದುಕೊಂಡು ಆಮೇಲೆ ಹಿಂದಕ್ಕೆ. ಮಣಿಕಟ್ಟಿನ ಕೆಳಗೆ ಮರಳಿನ ಚೀಲ, ಐದು ಗುಂಡು, ನಂತರ ಐದರ ನಡುವಣ ಜಾಗ ನೋಡಿ ಲೆಕ್ಕ. 1 ಎಂಓಎ (ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಅಂದರೆ 100 ಗಜಕ್ಕೆ 1.047 ಇಂಚು, 25 ಗಜಕ್ಕೆ ಕಾಲಿಂಚಿಗಿಂತ ಚೂರು ಹೆಚ್ಚು. ಗುಂಪು ಎರಡು ಇಂಚು ಕೆಳಗಿದ್ದರೆ 7.6 ಎಂಓಎ, ನನ್ನ ಎರಡೂ ಸೈಟುಗಳಲ್ಲಿ ಒಂದು ಕ್ಲಿಕ್ಕಿಗೆ 1 ಎಂಓಎ, ಹಾಗಾಗಿ ಎಂಟು ಕ್ಲಿಕ್ ಮೇಲಕ್ಕೆ. ಬಾಣದ ಗುರುತು ತೋರಿಸುವುದು ಗುಂಡು ಸರಿಯುವ ದಿಕ್ಕನ್ನು. ಗಾಜಿನಲ್ಲಿ ಚುಕ್ಕೆ ಅದರ ವಿರುದ್ಧಕ್ಕೆ ಸರಿಯುತ್ತದೆ, ಗಾಬರಿ ಬೇಡ. ಒಂದೊಂದು ಗುಂಡಿಗೂ ಒಂದೊಂದು ಕ್ಲಿಕ್ ತಿರುಗಿಸುತ್ತ ಕೂತರೆ ನಿಮ್ಮ ಕೈನಡುಕಕ್ಕೆ ಸೈಟನ್ನು ಹೊಂದಿಸಿದಂತಾಗುತ್ತದೆ. ಪಿಸ್ತೂಲಿನ ತೆರೆದ ಸೈಟಿನ ಮುಂದಿನ ಮೊನೆಯ ಮೇಲೆ ಚುಕ್ಕೆ ಕೂರಿಸಿಬಿಟ್ಟರೆ ಝೀರೋ ಆಯಿತು ಅನ್ನುವುದೂ ತಪ್ಪು. ಹಾಳೆ ಹುಡುಕುವುದಕ್ಕೆ ಅದು ಒಳ್ಳೆಯ ಆರಂಭ, ಅಷ್ಟೆ.

ಎಆರ್-15 ರೈಫಲ್ ಮೇಲೆ ಹಾಕಿದಾಗ ಎತ್ತರದ ಲೆಕ್ಕ ಬೇರೆ. ಅಲ್ಲಿ ಸೈಟ್ ನಳಿಗೆಯ ನಡುರೇಖೆಗಿಂತ ಸುಮಾರು 2.6 ಇಂಚು ಮೇಲಿರುತ್ತದೆ. 50 ಗಜದ ಝೀರೋ ಇದ್ದರೂ 7 ಗಜದಲ್ಲಿ ಗುಂಡು ಚುಕ್ಕೆಗಿಂತ ಎರಡು ಇಂಚಿಗೂ ಹೆಚ್ಚು ಕೆಳಗೆ ಬೀಳುತ್ತದೆ.

ಬಳಕೆಯಲ್ಲಿ ತೆರೆದ ಸೈಟಿನಿಂದ ಬಂದವರ ದೊಡ್ಡ ಅಡ್ಡಿ ಕಣ್ಣು. ಮುಂದಿನ ಮೊನೆಯನ್ನೇ ದಿಟ್ಟಿಸಿ ನೋಡು ಅಂತ ವರ್ಷಗಟ್ಟಲೆ ಕಲಿತಿರುತ್ತೇವೆ. ಇಲ್ಲಿ ನೋಡಬೇಕಾದ್ದು ಗುರಿಯನ್ನು, ಎರಡೂ ಕಣ್ಣು ತೆರೆದು. ಚುಕ್ಕೆ ತಾನಾಗಿ ಅದರ ಮೇಲೆ ಬಂದು ಕೂರಬೇಕು. ಇದಕ್ಕೆ ಗಾಜಿನ ಮುಂದುಗಡೆ, ಅಂದರೆ ಗುರಿಯ ಕಡೆ, ಪೇಂಟರ್ ಟೇಪ್ ಅಂಟಿಸಿ ಅಭ್ಯಾಸ ಮಾಡುತ್ತೇನೆ. ಒಂದು ಕಣ್ಣಿಗೆ ಚುಕ್ಕೆ, ಇನ್ನೊಂದಕ್ಕೆ ಗುರಿ; ಮೆದುಳು ಎರಡನ್ನೂ ಜೋಡಿಸಿಕೊಳ್ಳುತ್ತದೆ. ಚುಕ್ಕೆಯನ್ನೇ ದಿಟ್ಟಿಸಿದರೆ ಬರೀ ಟೇಪ್ ಕಾಣುತ್ತದೆ, ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ.

ಪಿಸ್ತೂಲು ಎತ್ತಿದಾಗ ಚುಕ್ಕೆಯೇ ಕಾಣದಿದ್ದರೆ ಬಹುತೇಕ ಸಲ ಮೂತಿ ಮೇಲಕ್ಕೆ ಎದ್ದಿರುತ್ತದೆ. ಗಾಜಿನೊಳಗೆ ಗಿರಗಿರ ಹುಡುಕಬೇಡಿ, ಮೂತಿಯನ್ನು ತುಸು ತಗ್ಗಿಸಿ. ಖಾಲಿ ಪಿಸ್ತೂಲಿನಲ್ಲಿ ದಿನಕ್ಕೆ ಹತ್ತು ನಿಮಿಷ, ಗೋಡೆಯ ಮೇಲಿನ ಒಂದು ಗುರುತನ್ನು ನೋಡುತ್ತಲೇ ಪಿಸ್ತೂಲನ್ನು ಕಣ್ಣಿನ ಮಟ್ಟಕ್ಕೆ ತರುವುದು. ತಲೆ ಬಗ್ಗಿಸಿ ಪಿಸ್ತೂಲಿಗೆ ಒಯ್ಯುವುದಲ್ಲ. ಬೆಳಕು ಜಾಸ್ತಿಯಿಟ್ಟರೆ ಚುಕ್ಕೆ ಹೂವಾಗಿ ಅರಳುತ್ತದೆ. ಬಿಸಿಲಿನಲ್ಲಿ ಎದ್ದು ಕಾಣುವಷ್ಟಿದ್ದರೆ ಸಾಕು, ಒಳಾಂಗಣಕ್ಕೆ ಬಂದ ಕೂಡಲೇ ಎರಡು ಮೆಟ್ಟಿಲು ಇಳಿಸಿ. ಇಳಿಸಿದರೂ ಚುಕ್ಕೆ ಬಾಲವಿರುವ ನಕ್ಷತ್ರದಂತೆ ಕಂಡರೆ ಫೋನಿನಲ್ಲಿ ಗಾಜಿನ ಮೂಲಕ ಫೋಟೊ ತೆಗೆಯಿರಿ. ಫೋಟೊದಲ್ಲಿ ದುಂಡಗಿದ್ದರೆ ಸೈಟ್ ಸರಿಯಾಗಿದೆ, ನಿಮ್ಮ ಕಣ್ಣಿನಲ್ಲಿ ಅಸ್ಟಿಗ್ಮ್ಯಾಟಿಸಂ (ಬೆಳಕಿನ ಬಿಂದು ಹರಡಿದಂತೆ ಕಾಣುವ ದೃಷ್ಟಿದೋಷ) ಇರಬಹುದು. ಸೈಟ್ ಬದಲಿಸುವ ಮುಂಚೆ ಕನ್ನಡಕದ ನಂಬರ್ ನೋಡಿಸಿಕೊಳ್ಳುವುದು ಅಗ್ಗ.

ಶುಚಿ ಮಾಡುವಾಗ ಮೊದಲು ಗಾಳಿ, ಆಮೇಲೆ ಬಟ್ಟೆ. ಪುಟ್ಟ ರಬ್ಬರ್ ಬಲ್ಬಿನಿಂದ ಊದಿ ದೂಳು ಹಾರಿಸದೆ ಒರೆಸಿದರೆ ಆ ದೂಳೇ ಲೇಪನವನ್ನು ಗೀರುತ್ತದೆ. ಮಸಿಗೆ ಲೆನ್ಸ್ ದ್ರವ ತಾಗಿಸಿದ ಮೈಕ್ರೊಫೈಬರ್ ಬಟ್ಟೆ. ಅಂಗಿಯ ತುದಿ, ಅಮೋನಿಯಾ ಇರುವ ಗಾಜಿನ ಸ್ಪ್ರೇ, ಅಸಿಟೋನ್, ನಳಿಗೆಗೆ ಹಾಕುವ ಸಾಲ್ವೆಂಟ್ ಯಾವುದೂ ಹತ್ತಿರ ಬರಬಾರದು. ಸ್ಲೈಡಿಗೆ ಎಣ್ಣೆಯನ್ನೂ ಸ್ಪ್ರೇ ಮಾಡುವುದಿಲ್ಲ, ಹನಿಯಾಗಿಯೇ ಹಾಕುತ್ತೇನೆ. ಎಲ್‌ಇಡಿಗೆ ಮುಚ್ಚಳವಿಲ್ಲದ ರೆಡ್ ಡಾಟ್‌ಗಳಲ್ಲಿ ಅದು ಕೂತ ಗುಳಿಯನ್ನು ಮರೆಯಬೇಡಿ: ಒಂದು ಹತ್ತಿಯ ಎಳೆಯೋ ಒಂದು ಮಳೆಹನಿಯೋ ಅಲ್ಲಿ ಕೂತರೆ ಚುಕ್ಕೆ ಒಡೆಯುತ್ತದೆ, ಇಲ್ಲವೇ ಮಾಯವಾಗುತ್ತದೆ. ಏಮ್‌ಪಾಯಿಂಟ್ ಆಕ್ರೊದಂಥ ಮುಚ್ಚಿದ ಮಾದರಿಗೆ ಈ ಕಾಟವಿಲ್ಲ. ಬೇಸಿಗೆಯಲ್ಲಿ ಏಸಿ ಕಾರಿನಿಂದ ಸೆಕೆಗೆ ಇಳಿಸಿದ ತಕ್ಷಣ ಗಾಜಿಗೆ ಆವಿ ಕಟ್ಟುತ್ತದೆ, ಮುಚ್ಚಿದ್ದಕ್ಕೂ ಹೊರಗಡೆ ಕಟ್ಟುತ್ತದೆ. ನಾನು ಚೀಲವನ್ನು ಹದಿನೈದು ನಿಮಿಷ ಮೊದಲೇ ಹೊರಗಿಟ್ಟುಬಿಡುತ್ತೇನೆ.

ಬ್ಯಾಟರಿಗೆ ವರ್ಷಕ್ಕೊಂದು ದಿನ ಗೊತ್ತು ಮಾಡಿಕೊಂಡಿದ್ದೇನೆ, ಆಯುಧಪೂಜೆ. ಡಬ್ಬಿಯ ಮೇಲೆ ಎಷ್ಟು ಸಾವಿರ ಗಂಟೆ ಬರೆದಿದ್ದರೂ ಸರಿ, ಅಂದು ಹೊಸದು. (ಅರಿಶಿನ ಕುಂಕುಮ ಹಿಡಿಗೆ ಹಚ್ಚಿ, ಗಾಜಿಗೆ ಬೇಡ.) ಆರ್‌ಎಂಆರ್‌ಗೆ ಸಿಆರ್2032, 507ಸಿಗೆ ಸಿಆರ್1632. ಮಕ್ಕಳು ನುಂಗದಿರಲಿ ಎಂದು ಕಹಿ ಲೇಪನ ಹಚ್ಚಿದ ಸೆಲ್‌ಗಳು ಕೆಲವು ಉಪಕರಣಗಳಲ್ಲಿ ಸರಿಯಾಗಿ ಸಂಪರ್ಕ ಕೊಡುವುದಿಲ್ಲ; ಲೇಪನವಿಲ್ಲದ್ದನ್ನು ಕೊಂಡರೆ ಮಗುವಿನ ಕೈಗೆ ಸಿಗದ ಕಡೆ ಬೀಗ ಹಾಕಿಡಿ, ಹಳೆಯದನ್ನೂ ಕೂಡ. ನುಂಗಿದ ನಾಣ್ಯದ ಸೆಲ್ ಕೆಲವೇ ಗಂಟೆಯಲ್ಲಿ ಅನ್ನನಾಳವನ್ನು ಸುಡುತ್ತದೆ. 507ಸಿಯಲ್ಲಿ ಸೆಲ್ ಪಕ್ಕದ ಟ್ರೇಯಲ್ಲಿದೆ, ಸೈಟ್ ಬಿಚ್ಚಬೇಕಿಲ್ಲ. ಆರ್‌ಎಂಆರ್‌ನಲ್ಲಿ ಅಡಿಯಲ್ಲಿದೆ, ಬಿಚ್ಚಲೇಬೇಕು. ಹಾಗಾಗಿ ಸೈಟಿನ ಎರಡು ಹೊಸ ಸ್ಕ್ರೂ, ಆಲ್ಕೊಹಾಲ್, ಸಾಸಿವೆಯಷ್ಟು ನೀಲಿ ದ್ರವ, 24 ಗಂಟೆ, ಐದು ಗುಂಡಿನ ಝೀರೋ ಪರೀಕ್ಷೆ ಎಲ್ಲ ಮತ್ತೆ.

ಅಮೆರಿಕದಿಂದ ಊರಿಗೆ ಹೊರಟಾಗ ಬಿಚ್ಚಿಟ್ಟ ಸೈಟನ್ನು ‘ಬರೀ ಗಾಜು ತಾನೇ’ ಅಂತ ಸೂಟ್‌ಕೇಸಿಗೆ ಹಾಕಿಕೊಳ್ಳಬೇಡಿ. ಬಂದೂಕಿನ ಆಪ್ಟಿಕಲ್ ಸೈಟುಗಳು ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿವೆ.